ಒಂದು ಕೆಣಕಿದ್ದನ್ನು ಇನ್ನೊಂದು ಅಡಗಿಸುವ ಬಗೆ: ಪ್ಲೇಗ್ ಬ್ಯಾಕ್ಟೀರಿಯಾದ ಯಾಪ್ ಪ್ರೋಟೀನುಗಳ ಕುರಿತು ಒಂದು ಟಿಪ್ಪಣಿ

1. ಉದ್ದೇಶ

ಬ್ಯಾಕ್ಟೀರಿಯಾಗಳ ರೋಗಕಾರಕ ಪ್ರೋಟೀನುಗಳು ನಮ್ಮ ರೋಗನಿರೋಧಕ ಕೋಶಗಳ ಪ್ರತಿಕ್ರಿಯೆಯನ್ನು ಹತ್ತಿಕ್ಕುತ್ತವೆ ಎಂಬುದು ಈಗ ಕಾಲೇಜಿನ ಪಾಠದಲ್ಲೂ ಬರುವ ಮಾತು. ಹೇಗೆ ಹತ್ತಿಕ್ಕುತ್ತವೆ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ಪಟ್ಟಿ: ಈ ಪ್ರೋಟೀನು ಈ ಕಿಣ್ವವನ್ನು ತಡೆಯುತ್ತದೆ, ಆ ಪ್ರೋಟೀನು ಆ ಸಂಕೇತವನ್ನು ಕಡಿಯುತ್ತದೆ. ಪಟ್ಟಿಯಲ್ಲಿ ಸುಳ್ಳಿಲ್ಲ. ಆದರೆ ಅಷ್ಟನ್ನೇ ಓದಿದವರಿಗೆ ಈ ಪ್ರೋಟೀನುಗಳು ಒಂದರ ಗೊಡವೆ ಒಂದಕ್ಕಿಲ್ಲದೆ ತಮ್ಮ ತಮ್ಮ ಕೆಲಸ ಮಾಡಿಕೊಂಡಿವೆ ಎನಿಸಿಬಿಡುತ್ತದೆ. ಪ್ಲೇಗ್ ಬ್ಯಾಕ್ಟೀರಿಯಾ ಮತ್ತು ಅದರ ಹತ್ತಿರದ ಬಂಧುಗಳ ಮೇಲೆ ಕಳೆದ ಕೆಲವು ದಶಕಗಳಲ್ಲಿ ನಡೆದ ಮುಖ್ಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಆ ಅನಿಸಿಕೆ ನಿಲ್ಲುವುದಿಲ್ಲ.

ಈ ಟಿಪ್ಪಣಿಯ ವಾದ ಇಷ್ಟು. ರೋಗನಿರೋಧಕ ಕೋಶವನ್ನು ಹತ್ತಿಕ್ಕುವ ಕ್ರಿಯೆಯೇ ಆ ಕೋಶವನ್ನು ಎಚ್ಚರಿಸುತ್ತದೆ. ಹಾಗೆ ಎದ್ದ ಎಚ್ಚರವನ್ನು ಅಡಗಿಸಲು ಬ್ಯಾಕ್ಟೀರಿಯಾ ಮತ್ತೊಂದು ಪ್ರೋಟೀನನ್ನು ಕಳಿಸುತ್ತದೆ. ಆದ್ದರಿಂದ ಈ ಪ್ರೋಟೀನುಗಳನ್ನು ಬಿಡಿಬಿಡಿಯಾಗಿ ಅಳೆಯದೆ, ಒಂದು ಸರಪಣಿಯಾಗಿ ಓದಬೇಕು. ಮದ್ದು ಹುಡುಕುವವರಿಗೂ ಈ ಓದು ದಾರಿ ತೋರುತ್ತದೆ.

2. ಹಿನ್ನೆಲೆ

ಪ್ಲೇಗಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು 1894ರಲ್ಲಿ ಹಾಂಗ್‌ಕಾಂಗ್‌ನ ಸಾಂಕ್ರಾಮಿಕದ ನಡುವೆ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದರು. ಇಂದು ಅದನ್ನು ಅವರ ಹೆಸರಿನಿಂದಲೇ ಯೆರ್ಸಿನಿಯಾ ಪೆಸ್ಟಿಸ್ ಎಂದು ಕರೆಯುತ್ತಾರೆ. 1896ರಲ್ಲಿ ರೋಗ ಮುಂಬಯಿಗೆ ಬಂತು. 1897ರ ಜನವರಿಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ತಾವು ತಯಾರಿಸಿದ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು. 1898ರಲ್ಲಿ ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ನಡೆಸಿದ ಪ್ರಯೋಗಗಳಿಂದ, ರೋಗ ಇಲಿಯಿಂದ ಇಲಿಗೆ ಚಿಗಟದ ಮೂಲಕ ದಾಟುತ್ತದೆ ಎಂದು ತೋರಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರನ್ನು ಮುಟ್ಟಿತು. ಊರು ಬಿಟ್ಟು ಶೆಡ್ಡುಗಳಲ್ಲಿ ಬದುಕಿದ ಜನರ ನೆನಪು, ಪ್ಲೇಗಮ್ಮನ ಗುಡಿಗಳು, ಆ ವರ್ಷಗಳ ನಂತರ ತುಂಬಿಕೊಂಡ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು, ಎಲ್ಲವೂ ಆ ಕಾಲದ ಗುರುತುಗಳು. ಮುಂದಿನ ಕೆಲವು ದಶಕಗಳಲ್ಲಿ ಭಾರತದಲ್ಲಿ ಪ್ಲೇಗಿಗೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು.

ಇಷ್ಟು ಸಾವು ತಂದ ಈ ಜೀವಿಗೆ ಹತ್ತಿರದ ಬಂಧುಗಳು ಎರಡು: ಯೆರ್ಸಿನಿಯಾ ಸ್ಯೂಡೊಟ್ಯೂಬರ್‌ಕ್ಯುಲೋಸಿಸ್ ಮತ್ತು ಯೆರ್ಸಿನಿಯಾ ಎಂಟರೊಕೊಲಿಟಿಕಾ. ಇವೆರಡೂ ಸಾಮಾನ್ಯವಾಗಿ ಕರುಳಿನ ಸೋಂಕು ಉಂಟುಮಾಡುವಂಥವು. ಮೂರರಲ್ಲೂ ಸುಮಾರು 70,000 ಅಕ್ಷರಜೋಡಿಗಳಷ್ಟು ಉದ್ದದ ಒಂದು ಪ್ಲಾಸ್ಮಿಡ್, ಅಂದರೆ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ ನಿಂತ ಡಿಎನ್‌ಎ ಉಂಗುರ, ಇದೆ. ರೋಗನಿರೋಧಕ ಕೋಶಗಳನ್ನು ಹತ್ತಿಕ್ಕುವ ಯಾಪ್ ಎಂಬ ಪ್ರೋಟೀನುಗಳ ಜೀನ್‌ಗಳು ಇರುವುದು ಇದರಲ್ಲೇ. ಪೂರ್ಣ ಶಕ್ತಿಯ ಪ್ಲೇಗ್ ಬ್ಯಾಕ್ಟೀರಿಯಾ ಹತ್ತಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಚರ್ಮದಡಿ ಸೇರಿದರೂ ಇಲಿಯನ್ನು ಕೊಲ್ಲಬಲ್ಲದು. ಈ ಪ್ಲಾಸ್ಮಿಡ್ ಕಳೆದುಕೊಂಡ ತಳಿ ಲಕ್ಷಗಟ್ಟಲೆ ಸೇರಿದರೂ ರೋಗ ತರುವುದಿಲ್ಲ. ಪ್ಲೇಗಿನ ಮಾರಕತೆಗೆ ಬೇರೆ ಕಾರಣಗಳೂ ಇವೆ. ಆದರೆ ಈ ಉಂಗುರವಿಲ್ಲದೆ ಉಳಿದವು ಯಾವುವೂ ಸಾಲವು.

3. ಸೂಜಿ ಮತ್ತು ಶಾಖ

ಯಾಪ್ ಪ್ರೋಟೀನುಗಳು ಕೋಶದೊಳಗೆ ಹೋಗುವ ದಾರಿಗೆ ಮೂರನೇ ಮಾದರಿಯ ಸ್ರವಿಕೆ ವ್ಯವಸ್ಥೆ ಎಂದು ಹೆಸರು. ಬ್ಯಾಕ್ಟೀರಿಯಾದ ಹೊರಪೊರೆಯಿಂದ ಹೊರಚಾಚಿದ ಟೊಳ್ಳು ಸೂಜಿ ಇದರ ಹೊರಗೆ ಕಾಣುವ ಭಾಗ. ಎಂಟರೊಕೊಲಿಟಿಕಾದಲ್ಲಿ ಅದರ ಉದ್ದ ಸುಮಾರು 58 ನ್ಯಾನೊಮೀಟರ್. ಈ ಉದ್ದವನ್ನು ಒಂದು ಅಳತೆಗೋಲಿನ ಪ್ರೋಟೀನು ನಿರ್ಧರಿಸುತ್ತದೆ, ಆ ಪ್ರೋಟೀನನ್ನು ಉದ್ದ ಮಾಡಿದರೆ ಸೂಜಿಯೂ ಉದ್ದವಾಗುತ್ತದೆ ಎಂದು 2003ರಲ್ಲಿ ಗೊತ್ತಾಯಿತು. ಸೂಜಿಯ ತುದಿಯಲ್ಲಿ ಎಲ್‌ಸಿಆರ್-ವಿ ಎಂಬ ಪ್ರೋಟೀನು ಕೂತಿರುತ್ತದೆ. ಅದರ ನೆರವಿನಿಂದ ಯಾಪ್-ಬಿ ಮತ್ತು ಯಾಪ್-ಡಿ ಎಂಬೆರಡು ಪ್ರೋಟೀನುಗಳು ಮನುಷ್ಯಕೋಶದ ಪೊರೆಯಲ್ಲಿ ರಂಧ್ರ ಮಾಡುತ್ತವೆ. ಉಳಿದ ಯಾಪ್‌ಗಳು ಆ ರಂಧ್ರದ ಮೂಲಕ ಒಳಸೇರುತ್ತವೆ.

ಪ್ರೋಟೀನುಗಳು ನಿಜಕ್ಕೂ ಕೋಶದೊಳಗೇ ಸೇರುತ್ತವೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯ ಸಿಕ್ಕಿದ್ದು 1994ರಲ್ಲಿ, ಸ್ವೀಡನ್ ಮತ್ತು ಬೆಲ್ಜಿಯಂನ ಎರಡು ಪ್ರಯೋಗಾಲಯಗಳಿಂದ. ಬೆಲ್ಜಿಯಂನಲ್ಲಿ ಸೋರಿ ಮತ್ತು ಕಾರ್ನೆಲಿಸ್ ಬಳಸಿದ ಉಪಾಯ ವಿಶೇಷವಾಗಿ ಗಮನಿಸುವಂಥದು. ಅವರು ಯಾಪ್-ಇ ಪ್ರೋಟೀನಿಗೆ ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಒಂದು ಕಿಣ್ವವನ್ನು ಅಂಟಿಸಿದರು. ಆ ಕಿಣ್ವ ಕೆಲಸ ಮಾಡಲು ಕ್ಯಾಲ್‌ಮೊಡ್ಯುಲಿನ್ ಬೇಕು. ಕ್ಯಾಲ್‌ಮೊಡ್ಯುಲಿನ್ ಬ್ಯಾಕ್ಟೀರಿಯಾದಲ್ಲಿಲ್ಲ, ಪ್ರಾಣಿಕೋಶದೊಳಗೆ ಇದೆ. ಸೋಂಕಿನ ನಂತರ ಕಿಣ್ವದ ಚಟುವಟಿಕೆ ಕಂಡುಬಂದಿತು. ಅಂದರೆ ಪ್ರೋಟೀನು ಕೋಶದ ಒಳಗೇ ತಲುಪಿದೆ ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಈ ವ್ಯವಸ್ಥೆ ಸದಾ ತೆರೆದಿರುವುದಿಲ್ಲ. ಚಿಗಟದ ಮೈಯ ಶಾಖ ಸುಮಾರು 26 ಡಿಗ್ರಿ ಸೆಲ್ಸಿಯಸ್ ಇದ್ದಾಗ ಯಾಪ್‌ಗಳ ತಯಾರಿ ನಿಂತಿರುತ್ತದೆ. ಸಸ್ತನಿಯ ಮೈ ಸೇರಿ 37 ಡಿಗ್ರಿ ತಲುಪಿದ ಮೇಲೆ ಅದು ಶುರುವಾಗುತ್ತದೆ. ಯಾಪ್ ಜೀನ್‌ಗಳನ್ನು ಚಾಲೂ ಮಾಡುವ ಎಲ್‌ಸಿಆರ್-ಎಫ್ ಎಂಬ ಪ್ರೋಟೀನಿನ ಸಂದೇಶವಾಹಕ ಆರ್‌ಎನ್‌ಎ ತಣ್ಣಗಿರುವಾಗ ಮಡಚಿಕೊಂಡಿರುತ್ತದೆ, ಬಿಸಿಗೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡಾಗ ಮಾತ್ರ ರೈಬೋಸೋಮು ಅದನ್ನು ಓದಬಲ್ಲದು. ಸ್ಯೂಡೊಟ್ಯೂಬರ್‌ಕ್ಯುಲೋಸಿಸ್ ತಳಿಯಲ್ಲಿ ಇದು 2012ರಲ್ಲಿ ವಿವರವಾಗಿ ದಾಖಲಾಯಿತು.

ಹಾಗಾದರೆ ಚಿಗಟ ಕಚ್ಚಿದ ತಕ್ಷಣ ಬ್ಯಾಕ್ಟೀರಿಯಾ ಬರಿಗೈಯಲ್ಲಿರುತ್ತದೆ. ಈ ಅವಧಿಯ ಬಗ್ಗೆ ಕ್ಯಾವನಾ ಮತ್ತು ರ್‍ಯಾಂಡಲ್ 1959ರಲ್ಲೇ ಬೆಲೆಯುಳ್ಳ ಮಾತು ಹೇಳಿದ್ದರು. ಚಿಗಟದಿಂದ ಬಂದ ಬ್ಯಾಕ್ಟೀರಿಯಾಗಳನ್ನು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ನುಂಗಿದರೆ ಕೊಂದುಹಾಕುತ್ತವೆ. ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳು ನುಂಗಿದರೆ ಅವುಗಳಲ್ಲಿ ಕೆಲವು ಒಳಗೇ ಬದುಕಿ ಬೆಳೆಯುತ್ತವೆ. ಹಾಗೆ ಬೆಳೆದು ಹೊರಬಂದವನ್ನು ಮತ್ತೆ ನುಂಗುವುದು ಕೋಶಗಳಿಗೆ ಸುಲಭವಾಗಿರುವುದಿಲ್ಲ. ಯಾಪ್‌ಗಳ ಹೆಸರೇ ಇಲ್ಲದ ಕಾಲದ ಈ ವೀಕ್ಷಣೆ ಇಂದಿಗೂ ಹಾಗೆಯೇ ನಿಂತಿದೆ.

4. ಯಾವ ಕೋಶಗಳಿಗೆ?

ಪ್ರಯೋಗಾಲಯದ ತಟ್ಟೆಯಲ್ಲಿ ಯೆರ್ಸಿನಿಯಾ ಬಹುತೇಕ ಯಾವ ಕೋಶಕ್ಕಾದರೂ ಯಾಪ್‌ಗಳನ್ನು ಸೇರಿಸಬಲ್ಲದು. ಜೀವಂತ ಪ್ರಾಣಿಯಲ್ಲೂ ಹಾಗೆಯೇ ನಡೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಇದಕ್ಕೆ ಉತ್ತರ ಬಂದಿದ್ದು 2005ರಲ್ಲಿ, ಶಿಕಾಗೋ ವಿಶ್ವವಿದ್ಯಾಲಯದ ಮಾರ್ಕೆಟನ್ ಮತ್ತು ಸಂಗಡಿಗರಿಂದ. ಅವರು ಯಾಪ್ ಪ್ರೋಟೀನಿಗೆ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಜೋಡಿಸಿದರು. ಸೋಂಕು ತಗುಲಿದ ಇಲಿಯ ಗುಲ್ಮದ ಕೋಶಗಳಿಗೆ ಹಸಿರು ಹೊಳಪಿನ ಬಣ್ಣವೊಂದನ್ನು ಕುಡಿಸಿದರು. ಕಿಣ್ವ ಒಳಸೇರಿದ ಕೋಶದಲ್ಲಿ ಆ ಬಣ್ಣ ಕತ್ತರಿಸಿಹೋಗಿ ನೀಲಿಯಾಗುತ್ತದೆ. ನೀಲಿಯಾದ ಕೋಶಗಳಲ್ಲಿ ಹೆಚ್ಚಿನವು ಮ್ಯಾಕ್ರೊಫೇಜ್, ನ್ಯೂಟ್ರೊಫಿಲ್ ಮತ್ತು ಡೆಂಡ್ರೈಟಿಕ್ ಕೋಶಗಳು. ಗುಲ್ಮದಲ್ಲಿ ಸಂಖ್ಯೆಯಲ್ಲಿ ಎಷ್ಟೋ ಹೆಚ್ಚಿರುವ ಬಿ ಮತ್ತು ಟಿ ಕೋಶಗಳು ಅಪರೂಪಕ್ಕೆ ನೀಲಿಯಾದವು.

ಈ ಫಲಿತಾಂಶದ ಅರ್ಥ ದೊಡ್ಡದು. ಪ್ಲೇಗ್ ಬ್ಯಾಕ್ಟೀರಿಯಾ ಗುರಿಯಿಡುವುದು ಮೊದಲ ಸಾಲಿನ ಕೋಶಗಳಿಗೆ: ಶತ್ರುವನ್ನು ಮೊದಲು ಮುಟ್ಟುವ, ನುಂಗುವ, ಉಳಿದವರನ್ನು ಕರೆಯುವ ಕೋಶಗಳಿಗೆ. ಪ್ರತಿಕಾಯ ತಯಾರಿಸುವ ಕೋಶಗಳು ಸಜ್ಜಾಗಲು ದಿನಗಳು ಬೇಕು. ಅಷ್ಟರೊಳಗೆ ರೋಗಿ ಉಳಿದಿರುವುದೇ ಅನುಮಾನ.

5. ನುಂಗುವ ಶಕ್ತಿಯನ್ನು ಕಸಿಯುವವು

ಕೋಶ ಬ್ಯಾಕ್ಟೀರಿಯಾವನ್ನು ನುಂಗಬೇಕಾದರೆ ತನ್ನ ಪೊರೆಯನ್ನು ಚಾಚಿ ಅದನ್ನು ಸುತ್ತುವರಿಯಬೇಕು. ಅದಕ್ಕೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಸರಿಯಾದ ಜಾಗದಲ್ಲಿ ಸರಿಯಾದ ಹೊತ್ತಿಗೆ ಕಟ್ಟಿಕೊಳ್ಳಬೇಕು. ನಾಲ್ಕು ಯಾಪ್‌ಗಳು ಇದನ್ನೇ ಕೆಡಿಸುತ್ತವೆ.

ಯಾಪ್-ಎಚ್ ಒಂದು ಫಾಸ್ಫಟೇಸ್. ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ ಕೂತ ಫಾಸ್ಫೇಟನ್ನು ಕಿತ್ತುಹಾಕುವುದು ಅದರ ಕೆಲಸ. ಇದನ್ನು 1990ರಲ್ಲಿ ಗುವಾನ್ ಮತ್ತು ಜ್ಯಾಕ್ ಡಿಕ್ಸನ್ ತೋರಿಸಿದರು. ಅದುವರೆಗೆ ಈ ಬಗೆಯ ಕಿಣ್ವಗಳು ಮೇಲ್ಮಟ್ಟದ ಜೀವಿಗಳ ಸೊತ್ತು ಎಂದೇ ನಂಬಿಕೆಯಿತ್ತು. ಕೋಶದ ಮೇಲ್ಮೈಗೆ ಬ್ಯಾಕ್ಟೀರಿಯಾ ತಾಗಿದ ಸುದ್ದಿ ಒಳಗೆ ಹರಿಯುವುದು ಇಂಥ ಫಾಸ್ಫೇಟುಗಳ ಮೂಲಕವೇ. ಯಾಪ್-ಎಚ್ ನಿಮಿಷಗಳ ಒಳಗೆ ಅವನ್ನು ಅಳಿಸಿಹಾಕುತ್ತದೆ. ನ್ಯೂಟ್ರೊಫಿಲ್‌ಗಳಲ್ಲಿ ಅದು ಎಸ್‌ಎಲ್‌ಪಿ-76 ಎಂಬ ಜೋಡಣಾ ಪ್ರೋಟೀನನ್ನು ಮುಟ್ಟುತ್ತದೆ, ಇದರಿಂದ ಕೋಶದೊಳಗಿನ ಕ್ಯಾಲ್ಸಿಯಂ ಸಂಕೇತವೂ ಕುಗ್ಗುತ್ತದೆ.

ಯಾಪ್-ಇ ಮತ್ತು ಯಾಪ್-ಟಿ ಎರಡರ ಗುರಿಯೂ ರೋ ಕುಟುಂಬದ ಪುಟ್ಟ ಪ್ರೋಟೀನುಗಳು. ಆಕ್ಟಿನ್ ಎಳೆಗಳು ಎಲ್ಲಿ ಕಟ್ಟಬೇಕು ಎಂದು ನಿರ್ದೇಶಿಸುವುದು ಇವೇ. ಯಾಪ್-ಇ ಅವನ್ನು ನಿಷ್ಕ್ರಿಯ ಸ್ಥಿತಿಗೆ ಬೇಗ ತಳ್ಳುತ್ತದೆ. ನಮ್ಮ ಕೋಶದಲ್ಲೇ ಇರುವ ನಿಯಂತ್ರಕ ಪ್ರೋಟೀನುಗಳು ಮಾಡುವ ಕೆಲಸವನ್ನೇ ಅದು ಮಾಡುತ್ತದೆ, ಆದರೆ ಕೋಶಕ್ಕೆ ಬೇಡದ ಹೊತ್ತಿನಲ್ಲಿ. ಯಾಪ್-ಟಿ ಇನ್ನೂ ಒರಟು. ರೋ ಪ್ರೋಟೀನನ್ನು ಪೊರೆಗೆ ಹಿಡಿದಿಟ್ಟ ಕೊಬ್ಬಿನ ಬಾಲವನ್ನೇ ಕತ್ತರಿಸಿಬಿಡುತ್ತದೆ. ಇದು ತಿಳಿದದ್ದು 2002ರಲ್ಲಿ, ಡಿಕ್ಸನ್ ಅವರ ಪ್ರಯೋಗಾಲಯದಲ್ಲಿದ್ದ ಫೆಂಗ್ ಶಾವೊ ಮತ್ತು ಸಂಗಡಿಗರಿಂದ. ನಾಲ್ಕನೆಯದಾದ ವೈಪಿಕೆ-ಎ ಒಂದು ಕೈನೇಸ್, ಅಂದರೆ ಫಾಸ್ಫೇಟ್ ಕೂರಿಸುವ ಕಿಣ್ವ. ಅದು ಬ್ಯಾಕ್ಟೀರಿಯಾದೊಳಗೆ ನಿದ್ರಿಸುತ್ತಿದ್ದು, ಪ್ರಾಣಿಕೋಶದ ಆಕ್ಟಿನ್ ತಾಗಿದಾಗ ಮಾತ್ರ ಚುರುಕಾಗುತ್ತದೆ.

ಇಲ್ಲಿಗೆ ಪಟ್ಟಿ ಮುಗಿದಂತೆ ಕಾಣುತ್ತದೆ. ಕೋಶ ನುಂಗಲಾರದಾಯಿತು, ಬ್ಯಾಕ್ಟೀರಿಯಾ ಹೊರಗೆ ನಿರಾತಂಕವಾಗಿ ಬೆಳೆಯಿತು. ನಿಜವಾದ ತೊಡಕು ಶುರುವಾಗುವುದು ಇದರ ನಂತರ.

6. ಯಾಪ್-ಜೆ: ಹಿಡಿತದಲ್ಲಿಡಬೇಕಾದ ಅಸ್ತ್ರ

ಬ್ಯಾಕ್ಟೀರಿಯಾ ಕಂಡಾಗ ಮ್ಯಾಕ್ರೊಫೇಜ್ ಉರಿಯೂತದ ಸಂಕೇತಗಳನ್ನು ಹೊರಡಿಸುತ್ತದೆ. ಆ ಆಜ್ಞೆ ಹರಿಯುವುದು ಎರಡು ಮುಖ್ಯ ದಾರಿಗಳಲ್ಲಿ: ಎನ್‌ಎಫ್-ಕಪ್ಪಾ-ಬಿ ಮತ್ತು ಮ್ಯಾಪ್ ಕೈನೇಸ್. ಯಾಪ್-ಜೆ ಎರಡನ್ನೂ ಕಟ್ಟಿಹಾಕುತ್ತದೆ ಎಂದು 1999ರಲ್ಲಿ ಕಿಮ್ ಆರ್ಥ್ ಮತ್ತು ಸಂಗಡಿಗರು, ಅದೇ ಡಿಕ್ಸನ್ ಪ್ರಯೋಗಾಲಯದಿಂದ, ವರದಿ ಮಾಡಿದರು. ಹೇಗೆ ಕಟ್ಟಿಹಾಕುತ್ತದೆ ಎಂಬುದು ಕೆಲವು ವರ್ಷ ಬಗೆಹರಿಯದೆ ಉಳಿಯಿತು. ಅದರ ರಚನೆ ನೋಡಿ, ಪ್ರೋಟೀನು ಕತ್ತರಿಸುವ ಕಿಣ್ವವಿರಬೇಕು ಎಂದು ಮೊದಲು ಭಾವಿಸಲಾಗಿತ್ತು. 2006ರಲ್ಲಿ ಸ್ವತಃ ಆರ್ಥ್ ಅವರ ಗುಂಪೇ ಆ ವಿವರಣೆಯನ್ನು ಬದಿಗಿಟ್ಟು ಬೇರೆಯದನ್ನು ಸ್ಥಾಪಿಸಿತು. ಕೈನೇಸ್‌ಗಳು ಚುರುಕಾಗಲು ಯಾವ ಸೆರಿನ್ ಮತ್ತು ಥ್ರಿಯೊನಿನ್‌ಗಳ ಮೇಲೆ ಫಾಸ್ಫೇಟ್ ಕೂರಬೇಕೋ, ಅಲ್ಲಿ ಯಾಪ್-ಜೆ ಅಸಿಟೈಲ್ ಗುಂಪನ್ನು ತಂದು ಕೂರಿಸುತ್ತದೆ. ಜಾಗ ತುಂಬಿಹೋಗಿದ್ದರಿಂದ ಫಾಸ್ಫೇಟಿಗೆ ಎಡೆಯಿಲ್ಲ. ಕೈನೇಸ್ ಮುರಿದಿಲ್ಲ, ಆದರೆ ಚುರುಕಾಗಲಾರದು.

ಈ ತಡೆಯನ್ನು ಕೋಶ ಸುಮ್ಮನೆ ಸಹಿಸಿಕೊಳ್ಳುವುದಿಲ್ಲ. ಯಾಪ್-ಜೆ ತಡೆಯುವ ಕೈನೇಸ್‌ಗಳಲ್ಲಿ ಟಿಎಕೆ-1 ಎಂಬುದೊಂದಿದೆ. ಅದು ನಿಂತುಹೋದರೆ ಆರ್‌ಐಪಿಕೆ-1 ಮತ್ತು ಕ್ಯಾಸ್ಪೇಸ್-8 ಎಂಬ ಪ್ರೋಟೀನುಗಳು ಸೇರಿ ಕೋಶವನ್ನು ಸಾವಿನತ್ತ ಒಯ್ಯುತ್ತವೆ. ಕ್ಯಾಸ್ಪೇಸ್-8 ಗ್ಯಾಸ್‌ಡರ್ಮಿನ್-ಡಿ ಎಂಬ ಪ್ರೋಟೀನನ್ನು ಕತ್ತರಿಸಿ, ಕೋಶದ ಪೊರೆಯಲ್ಲಿ ತೂತು ಮಾಡಿಸಿ, ಒಳಗಿನದೆಲ್ಲ ಹೊರಚೆಲ್ಲುವಂತೆ ಮಾಡುತ್ತದೆ ಎಂದು 2018ರಲ್ಲಿ ತಿಳಿಯಿತು. ಈ ಸಾವು ಯಾರಿಗೆ ಲಾಭ? ಆರ್‌ಐಪಿಕೆ-1ರ ಕಿಣ್ವಶಕ್ತಿಯನ್ನು ಕಳೆದ ಇಲಿಗಳಲ್ಲಿ ಸ್ಯೂಡೊಟ್ಯೂಬರ್‌ಕ್ಯುಲೋಸಿಸ್ ಸೋಂಕು ಹತೋಟಿಗೆ ಬರಲಿಲ್ಲ, ಇಲಿಗಳು ಸತ್ತವು. ಹಾಗಾಗಿ, ಕೆಲವು ಕೋಶಗಳು ಸಾಯುವುದು ಪ್ರಾಣಿಯ ಉಳಿವಿಗೆ ಬೇಕಾದ ಬೆಲೆ. ಸಂಕೇತದ ದಾರಿ ಕಟ್ಟಿಹೋಗಿದ್ದನ್ನೇ ಕೋಶ ದಾಳಿಯ ಗುರುತಾಗಿ ಓದಿ, ತಾನು ಸತ್ತು ಸುತ್ತಲಿನ ಕೋಶಗಳನ್ನು ಎಬ್ಬಿಸುತ್ತದೆ.

ಪ್ಲೇಗ್ ಬ್ಯಾಕ್ಟೀರಿಯಾ ಈ ಅಪಾಯವನ್ನು ಹೇಗೆ ನಿಭಾಯಿಸುತ್ತದೆ ಎಂಬುದಕ್ಕೆ 2009ರ ಒಂದು ಇಸ್ರೇಲಿ ಪ್ರಯೋಗ ಕಣ್ಣು ತೆರೆಸುತ್ತದೆ. ಎಂಟರೊಕೊಲಿಟಿಕಾದಲ್ಲಿ ಯಾಪ್-ಜೆಗೆ ಸಮನಾದ ಯಾಪ್-ಪಿ ಎಂಬ ಪ್ರೋಟೀನಿದೆ. ಅದು ಕೋಶಗಳನ್ನು ಕೊಲ್ಲುವುದರಲ್ಲಿ ಹೆಚ್ಚು ಸಮರ್ಥ. ಝೌಬರ್ಮನ್ ಮತ್ತು ಸಂಗಡಿಗರು ಈ ಯಾಪ್-ಪಿಯನ್ನು ಪ್ಲೇಗ್ ಬ್ಯಾಕ್ಟೀರಿಯಾಕ್ಕೆ ಕೊಟ್ಟರು. ಅಸ್ತ್ರ ಹರಿತವಾದಷ್ಟೂ ರೋಗ ಉಗ್ರವಾಗಬೇಕು ಎಂಬ ಸರಳ ಲೆಕ್ಕ ಇಲ್ಲಿ ಸುಳ್ಳಾಯಿತು. ಚರ್ಮದಡಿ ಕೊಟ್ಟಾಗ ಆ ತಳಿ ಇಲಿಗಳನ್ನು ಕೊಲ್ಲಲಾರದೆ ಹೋಯಿತು. ಬದಲಿಗೆ, ಅದನ್ನು ಪಡೆದ ಇಲಿಗಳಲ್ಲಿ ಶ್ವಾಸಕೋಶದ ಪ್ಲೇಗಿನ ವಿರುದ್ಧ ಬೇಗನೆ ರಕ್ಷಣೆ ಹುಟ್ಟಿತು. ಪ್ಲೇಗ್ ಬ್ಯಾಕ್ಟೀರಿಯಾದ ಯಾಪ್-ಜೆ ಮೆದುವಾಗಿರುವುದು ಕೊರತೆಯಲ್ಲ, ಬ್ಯಾಕ್ಟೀರಿಯಾಕ್ಕೆ ಒಳ್ಳೆಯದೇ ಆಗಿದೆ ಎಂದು ಇದರಿಂದ ಹೇಳಬಹುದು.

7. ಪೈರಿನ್ ಮತ್ತು ಯಾಪ್-ಎಂ

ಯಾಪ್-ಎಂ ಬಹುಕಾಲ ಒಗಟಾಗಿತ್ತು. ಅದಕ್ಕೆ ತನ್ನದೇ ಕಿಣ್ವಶಕ್ತಿ ಇಲ್ಲ. ಲ್ಯೂಸಿನ್ ತುಂಬಿದ ಒಂದೇ ಬಗೆಯ ತುಣುಕುಗಳು ಸಾಲಾಗಿ ಕೂಡಿಕೊಂಡು ಬಾಗಿದ ಆಕಾರ ಅದರದು. ಅದನ್ನು ತೆಗೆದರೆ ಬ್ಯಾಕ್ಟೀರಿಯಾದ ಮಾರಕತೆ ಕುಸಿಯುತ್ತದೆ ಎಂಬುದು ಖಚಿತವಾಗಿತ್ತು. ಆದರೆ ಯಾಕೆ ಎಂಬುದಕ್ಕೆ ಒಪ್ಪುವ ಉತ್ತರ ಸಿಕ್ಕಿರಲಿಲ್ಲ. ಅದು ಕೋಶದ ಎರಡು ಕೈನೇಸ್ ಗುಂಪುಗಳಿಗೆ, ಆರ್‌ಎಸ್‌ಕೆ ಮತ್ತು ಪಿಆರ್‌ಕೆಗೆ, ಅಂಟಿಕೊಳ್ಳುತ್ತದೆ ಎಂಬುದಷ್ಟೇ ಗೊತ್ತಿತ್ತು. ಈ ಅಂಟಿನಿಂದ ಬ್ಯಾಕ್ಟೀರಿಯಾಕ್ಕೆ ಏನು ಪ್ರಯೋಜನ ಎಂಬುದು ತಿಳಿದಿರಲಿಲ್ಲ.

ಉತ್ತರ ಬಂದಿದ್ದು ಬೇರೊಂದು ದಿಕ್ಕಿನಿಂದ. ಯಾಪ್-ಟಿಯ ಕೆಲಸ ಬಿಡಿಸಿದ ಫೆಂಗ್ ಶಾವೊ 2014ರ ಹೊತ್ತಿಗೆ ಬೀಜಿಂಗ್‌ನಲ್ಲಿ ತಮ್ಮ ಪ್ರಯೋಗಾಲಯ ನಡೆಸುತ್ತಿದ್ದರು. ಅಲ್ಲಿ ಅವರ ಗುಂಪು ಪೈರಿನ್ ಎಂಬ ಮಾನವ ಪ್ರೋಟೀನಿನ ಕೆಲಸವನ್ನು ಕಂಡುಹಿಡಿಯಿತು. ಬೇರೆ ಬೇರೆ ಬ್ಯಾಕ್ಟೀರಿಯಾಗಳ ವಿಷಗಳು ರೋ ಪ್ರೋಟೀನನ್ನು ಬೇರೆ ಬೇರೆ ರೀತಿಯಲ್ಲಿ ಕೆಡಿಸುತ್ತವೆ. ಕ್ಲಾಸ್ಟ್ರಿಡಿಯಂ ಡಿಫಿಸೈಲ್‌ನ ವಿಷ ಸಕ್ಕರೆಯ ಅಣು ಅಂಟಿಸುತ್ತದೆ, ಬಾಟ್ಯುಲಿನಂನ ಸಿ-3 ಕಿಣ್ವ ಎಡಿಪಿ-ರೈಬೋಸ್ ಅಂಟಿಸುತ್ತದೆ, ಇನ್ನು ಕೆಲವು ಬೇರೆ ಗುಂಪುಗಳನ್ನು ಸೇರಿಸುತ್ತವೆ. ಇಷ್ಟು ವಿಭಿನ್ನ ಕ್ರಿಯೆಗಳಿಗೆಲ್ಲ ಪೈರಿನ್ ಒಂದೇ ರೀತಿ ಪ್ರತಿಕ್ರಿಯಿಸಿತು. ಪೈರಿನ್ ವಿಷದ ಅಣುವನ್ನು ಗುರುತಿಸುವುದೇ ಇಲ್ಲ. ಅದು ಕಳ್ಳನ ಮುಖ ನೋಡಿ ಕೂಗುವ ಕಾವಲುಗಾರನಲ್ಲ, ಮುರಿದ ಬೀಗ ನೋಡಿ ಕೂಗುವವನು.

ಒಳಗಿನ ಯಂತ್ರ ಹೀಗಿದೆ. ರೋ ಚುರುಕಾಗಿರುವಾಗ ಅದು ಪಿಆರ್‌ಕೆ ಕೈನೇಸ್‌ಗಳನ್ನು ಚುರುಕಾಗಿಡುತ್ತದೆ. ಅವು ಪೈರಿನ್‌ನ ಎರಡು ಸೆರಿನ್‌ಗಳ ಮೇಲೆ ಫಾಸ್ಫೇಟ್ ಕೂರಿಸುತ್ತವೆ. ಫಾಸ್ಫೇಟ್ ಇರುವ ಪೈರಿನ್ ಅನ್ನು 14-3-3 ಎಂಬ ಪ್ರೋಟೀನುಗಳು ಹಿಡಿದು ಸುಮ್ಮನಿರಿಸುತ್ತವೆ. ರೋ ಕೆಟ್ಟರೆ ಕೈನೇಸ್‌ಗಳು ತಣ್ಣಗಾಗುತ್ತವೆ, ಫಾಸ್ಫೇಟ್ ಕಳಚುತ್ತದೆ, ಪೈರಿನ್ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಪೈರಿನ್ ಇನ್‌ಫ್ಲಮಸೋಮ್ ಎಂಬ ಸಂಕೀರ್ಣವನ್ನು ಕಟ್ಟಿ ಕ್ಯಾಸ್ಪೇಸ್-1 ಅನ್ನು ಎಬ್ಬಿಸುತ್ತದೆ. ಅದರಿಂದ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಬಲವಾದ ಉರಿಯೂತದ ಸಂಕೇತ ಹೊರಬೀಳುತ್ತದೆ.

ಈಗ ಯಾಪ್-ಇ ಮತ್ತು ಯಾಪ್-ಟಿಯನ್ನು ಮತ್ತೆ ನೋಡಬೇಕು. ಇವೆರಡೂ ಕೆಡಿಸುವುದು ರೋ ಪ್ರೋಟೀನನ್ನೇ. ಹಾಗಾದರೆ ನುಂಗುವುದನ್ನು ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾ ಮಾಡಿದ ಕೆಲಸವೇ ಪೈರಿನ್ ಅನ್ನು ಎಬ್ಬಿಸಬೇಕಿತ್ತು. ಯೆರ್ಸಿನಿಯಾ ಸೋಂಕಿನಲ್ಲಿ ಹಾಗಾಗದಿರಲು ಕಾರಣ ಯಾಪ್-ಎಂ ಎಂದು 2016ರಲ್ಲಿ ಎರಡು ಗುಂಪುಗಳು ಬೇರೆಬೇರೆಯಾಗಿ ತೋರಿಸಿದವು. ಯಾಪ್-ಎಂ ಅಂಟಿಕೊಳ್ಳುವ ಆ ಕೈನೇಸ್‌ಗಳೇ ಇಲ್ಲಿ ಕೀಲಿ. ರೋ ಸತ್ತಿದ್ದರೂ ಅವನ್ನು ಚುರುಕಾಗಿ ಹಿಡಿದು, ಪೈರಿನ್ ಮೇಲೆ ಫಾಸ್ಫೇಟ್ ಕೂರಿಸುತ್ತಲೇ ಇರುವಂತೆ ಯಾಪ್-ಎಂ ಮಾಡುತ್ತದೆ.

ಇದಕ್ಕೆ ಸಿಕ್ಕ ತಳಿಶಾಸ್ತ್ರದ ಸಾಕ್ಷ್ಯ ನನ್ನ ದೃಷ್ಟಿಯಲ್ಲಿ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಸ್ವಚ್ಛವಾದದ್ದು. ಯಾಪ್-ಎಂ ಇಲ್ಲದ ಬ್ಯಾಕ್ಟೀರಿಯಾ ಸಾಮಾನ್ಯ ಇಲಿಯಲ್ಲಿ ಸೋಲುತ್ತದೆ. ಅದೇ ಬ್ಯಾಕ್ಟೀರಿಯಾವನ್ನು ಪೈರಿನ್ ಇಲ್ಲದ ಇಲಿಗೆ ಕೊಟ್ಟರೆ ಅದರ ಮಾರಕತೆ ಮರಳಿ ಬರುತ್ತದೆ. ಪೈರಿನ್ ಇಲ್ಲದಿದ್ದರೆ ಯಾಪ್-ಎಂ ಬೇಕಾಗಿಯೂ ಇಲ್ಲ. ಪ್ರೋಟೀನೊಂದರ ಕೆಲಸವನ್ನು ಇದಕ್ಕಿಂತ ನೇರವಾಗಿ ಸಾಬೀತು ಮಾಡುವುದು ಕಷ್ಟ.

ಇದೇ ಬಗೆಯ ಇನ್ನೊಂದು ಜೋಡಿಯೂ ಇದೆ. ಸೂಜಿ ಮಾಡುವ ರಂಧ್ರ ತಾನೇ ಕೋಶವನ್ನು ಎಚ್ಚರಿಸಬಲ್ಲದು. ಯಾಪ್-ಕೆ ಎಂಬ ಪ್ರೋಟೀನು ಆ ರಂಧ್ರದ ಮೂಲಕ ಸಾಗುವುದನ್ನು ಹತೋಟಿಯಲ್ಲಿಟ್ಟು, ಸೂಜಿಯ ಸುಳಿವು ಇನ್‌ಫ್ಲಮಸೋಮ್‌ಗೆ ಸಿಗದಂತೆ ನೋಡಿಕೊಳ್ಳುತ್ತದೆ ಎಂದು 2010ರಲ್ಲಿ ಸ್ಯೂಡೊಟ್ಯೂಬರ್‌ಕ್ಯುಲೋಸಿಸ್ ತಳಿಯಲ್ಲಿ ತಿಳಿಯಿತು. ಸೂಜಿ ಕೆಣಕಿದ್ದನ್ನು ಯಾಪ್-ಕೆ ಅಡಗಿಸುತ್ತದೆ. ಯಾಪ್-ಇ ಮತ್ತು ಯಾಪ್-ಟಿ ಕೆಣಕಿದ್ದನ್ನು ಯಾಪ್-ಎಂ ಅಡಗಿಸುತ್ತದೆ. ಯಾಪ್-ಜೆ ಕೆಣಕಿದ್ದು ಮಿತಿ ಮೀರದಿರುವುದಕ್ಕೆ ಅದರ ಮೆದುತನವೇ ಕಾರಣ.

8. ಮನುಷ್ಯರ ಜೀನ್‌ಗಳಲ್ಲಿ ಉಳಿದ ಗುರುತು

ಪೈರಿನ್‌ನ ಜೀನ್ ಮೊದಲು ಪತ್ತೆಯಾದದ್ದು ಸೋಂಕಿನ ಅಧ್ಯಯನದಿಂದಲ್ಲ. ತುರ್ಕಿ, ಯಹೂದಿ, ಅರಬ್ ಮತ್ತು ಆರ್ಮೇನಿಯನ್ ಸಮುದಾಯಗಳಲ್ಲಿ ಕೌಟುಂಬಿಕ ಮೆಡಿಟರೇನಿಯನ್ ಜ್ವರ ಎಂಬ ಆನುವಂಶಿಕ ಕಾಯಿಲೆಯಿದೆ. ಕಾರಣವಿಲ್ಲದೆ ಜ್ವರ, ಹೊಟ್ಟೆ ಮತ್ತು ಎದೆಯ ತೀವ್ರ ನೋವು ಒಂದೆರಡು ದಿನ ಕಾಡಿ ಹೋಗುತ್ತವೆ, ಮತ್ತೆ ಬರುತ್ತವೆ. ಇದಕ್ಕೆ ಕಾರಣವಾದ ಜೀನನ್ನು 1997ರಲ್ಲಿ ಎರಡು ಅಂತರರಾಷ್ಟ್ರೀಯ ತಂಡಗಳು ಗುರುತಿಸಿದವು. ಆ ಜೀನಿನ ಪ್ರೋಟೀನೇ ಪೈರಿನ್. ಈ ರೋಗಿಗಳಲ್ಲಿ ಜೀನಿನ ಮಾರ್ಪಾಡಿನಿಂದಾಗಿ ಪೈರಿನ್ ಅಗತ್ಯಕ್ಕಿಂತ ಸುಲಭವಾಗಿ ಏಳುತ್ತದೆ. ಮಾರ್ಪಾಡಿನ ಒಂದೇ ಪ್ರತಿ ಹೊತ್ತವರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ಆ ಜನಸಮುದಾಯಗಳಲ್ಲಿ ಅಂಥವರ ಪ್ರಮಾಣ ಆಶ್ಚರ್ಯವಾಗುವಷ್ಟು ಹೆಚ್ಚು. ಕಾಯಿಲೆ ತರುವ ಜೀನೊಂದು ಇಷ್ಟು ಹರಡಿರುವುದಾದರೆ ಅದರಿಂದ ಎಂದೋ ಏನೋ ಲಾಭವಾಗಿರಬೇಕು.

2020ರಲ್ಲಿ ಅಮೆರಿಕ ಮತ್ತು ತುರ್ಕಿಯ ವಿಜ್ಞಾನಿಗಳು ಈ ಲಾಭ ಪ್ಲೇಗಿಗೆ ಸಂಬಂಧಿಸಿದ್ದು ಎಂದು ಸೂಚಿಸುವ ಅಧ್ಯಯನ ಪ್ರಕಟಿಸಿದರು. ತುರ್ಕಿಯ 2,313 ಜನರ ಜೀನ್ ವಿವರಗಳಲ್ಲಿ ಈ ಮಾರ್ಪಾಡುಗಳ ಸುತ್ತ ನಿಸರ್ಗದ ಆಯ್ಕೆಯ ಗುರುತು ಕಂಡಿತು. ಎರಡು ಮಾರ್ಪಾಡುಗಳು 1,800 ವರ್ಷಗಳಿಗೂ ಹಿಂದೆ ಪ್ರತ್ಯೇಕವಾಗಿ ಹುಟ್ಟಿದವು ಎಂಬುದು ಅವರ ಅಂದಾಜು. ಮಾರ್ಪಟ್ಟ ಪೈರಿನ್‌ಗೆ ಯಾಪ್-ಎಂ ಅಷ್ಟು ಬಿಗಿಯಾಗಿ ಅಂಟಲಿಲ್ಲ. ರೋಗಿಗಳ ಬಿಳಿ ರಕ್ತಕಣಗಳಷ್ಟೇ ಅಲ್ಲ, ಒಂದೇ ಪ್ರತಿ ಹೊತ್ತ ಆರೋಗ್ಯವಂತರ ಕಣಗಳೂ ಪ್ಲೇಗ್ ಬ್ಯಾಕ್ಟೀರಿಯಾ ತಾಗಿದಾಗ ಹೆಚ್ಚು ಇಂಟರ್‌ಲ್ಯೂಕಿನ್-1 ಬೀಟಾ ಹೊರಡಿಸಿದವು. ಮಾರ್ಪಾಡು ಸೇರಿಸಿದ ಇಲಿಗಳು ಪ್ಲೇಗ್ ಸೋಂಕಿನಲ್ಲಿ ಹೆಚ್ಚು ಬದುಕುಳಿದವು.

ಇದನ್ನು ಓದುವಾಗ ಒಂದು ಎಚ್ಚರ ಬೇಕು. ಪ್ರಾಚೀನ ಕಾಲದ ಜನರಲ್ಲಿ ಈ ಮಾರ್ಪಾಡನ್ನು ಉಳಿಸಿದ್ದು ಪ್ಲೇಗೊಂದೇ ಎಂದು ಇಂದಿನ ಜೀನ್‌ಗಳಿಂದ ತೀರ್ಮಾನಿಸಲಾಗದು. ಆದರೆ ಯಾಪ್-ಎಂ ಮತ್ತು ಪೈರಿನ್ ನಡುವಿನ ಸೆಣಸು ಪ್ರಯೋಗಾಲಯದ ಇಲಿಗಳಿಗೆ ಸೀಮಿತವಲ್ಲ, ಮನುಷ್ಯರ ಕೋಶಗಳಲ್ಲೂ ಅದಕ್ಕೆ ಬೆಲೆಯಿದೆ ಎಂಬುದಕ್ಕೆ ಇದು ಬಲವಾದ ಆಧಾರ.

9. ಮೌನದ ಗಂಟೆಗಳು

ಈ ಅಡಗಿಸುವಿಕೆಯ ಫಲ ರೋಗದ ನಡೆಯಲ್ಲೇ ಕಾಣುತ್ತದೆ. ಶ್ವಾಸಕೋಶದ ಪ್ಲೇಗ್ ತಗುಲಿಸಿದ ಇಲಿಗಳಲ್ಲಿ ಮೊದಲ 36 ಗಂಟೆಗಳ ಕಾಲ ಉರಿಯೂತದ ಗುರುತೇ ಕಾಣಲಿಲ್ಲ ಎಂದು 2005ರಲ್ಲಿ ಲ್ಯಾಥಮ್ ಮತ್ತು ಸಂಗಡಿಗರು ದಾಖಲಿಸಿದರು. ಆ ಹೊತ್ತಿನಲ್ಲಿ ಬ್ಯಾಕ್ಟೀರಿಯಾ ಮಾತ್ರ ಬೆಳೆಯುತ್ತಲೇ ಇತ್ತು. ನಂತರ ಉರಿಯೂತ ಒಮ್ಮೆಗೇ ಸ್ಫೋಟಿಸಿತು, ಮೂರನೇ ದಿನದ ಹೊತ್ತಿಗೆ ಇಲಿಗಳು ಸತ್ತವು. ಕೊನೆಗೆ ಕೊಲ್ಲುವುದರಲ್ಲಿ ತಡವಾಗಿ ಬಂದ ಆ ಉರಿಯೂತದ ಪಾಲೂ ಇದೆ.

ಈ ಮೌನಕ್ಕೆ ಯಾಪ್‌ಗಳಷ್ಟೇ ಹೊಣೆಯಲ್ಲ. 37 ಡಿಗ್ರಿಯಲ್ಲಿ ಪ್ಲೇಗ್ ಬ್ಯಾಕ್ಟೀರಿಯಾ ತನ್ನ ಹೊರಪೊರೆಯ ಲಿಪಿಡ್-ಎ ಅಣುವಿಗೆ ಆರರ ಬದಲು ನಾಲ್ಕೇ ಕೊಬ್ಬಿನ ಸರಪಳಿ ಹಚ್ಚುತ್ತದೆ. ಟಿಎಲ್‌ಆರ್-4 ಎಂಬ ನಮ್ಮ ಗ್ರಾಹಕ ಆ ನಾಲ್ಕು ಸರಪಳಿಯ ರೂಪವನ್ನು ಸರಿಯಾಗಿ ಗುರುತಿಸುವುದಿಲ್ಲ. 2006ರಲ್ಲಿ ಇ. ಕೋಲೈಯ ಒಂದು ಜೀನ್ ಸೇರಿಸಿ ಆರು ಸರಪಳಿ ಇರುವಂತೆ ಮಾಡಿದಾಗ, ಯಾಪ್‌ಗಳೆಲ್ಲ ಇದ್ದರೂ ಆ ಬ್ಯಾಕ್ಟೀರಿಯಾ ಇಲಿಗಳನ್ನು ಕೊಲ್ಲಲಾರದೆ ಹೋಯಿತು. ಮೊದಲ ಎಚ್ಚರಿಕೆ ಗಟ್ಟಿಯಾಗಿ ಎದ್ದುಬಿಟ್ಟರೆ ಯಾಪ್‌ಗಳಿಂದಲೂ ಅದನ್ನು ಅಡಗಿಸಲಾಗದು ಎಂಬುದು ಇದರ ಪಾಠ. ಸರಪಣಿಯ ಒಂದು ಕೊಂಡಿ ಕಳಚಿದರೆ ಇಡೀ ಸರಪಣಿ ಸಡಿಲವಾಗುತ್ತದೆ ಎಂಬ ಈ ಟಿಪ್ಪಣಿಯ ವಾದಕ್ಕೂ ಇದು ಪುಷ್ಟಿ ಕೊಡುತ್ತದೆ.

10. ಸಾಕ್ಷ್ಯದ ಮಿತಿ

ಮೇಲಿನ ಫಲಿತಾಂಶಗಳಲ್ಲಿ ಬಹುಪಾಲು ಇಲಿಗಳಿಂದ ಮತ್ತು ಸಾಕಿದ ಕೋಶಗಳಿಂದ ಬಂದವು. ಹಲವು ಪ್ರಯೋಗಗಳು ಪ್ಲೇಗ್ ಬ್ಯಾಕ್ಟೀರಿಯಾದ ಬದಲು ಅದರ ಕಡಿಮೆ ಅಪಾಯದ ಬಂಧುವಿನ ಮೇಲೆ ನಡೆದವು. ಒಂದು ತಳಿಯ ಯಾಪ್ ಇನ್ನೊಂದರಲ್ಲಿ ಅದೇ ಬಲದಿಂದ ಕೆಲಸ ಮಾಡುತ್ತದೆ ಎಂದು ಊಹಿಸಬಾರದು ಎಂಬುದನ್ನು ಯಾಪ್-ಪಿ ಪ್ರಯೋಗವೇ ಕಲಿಸುತ್ತದೆ. ಪ್ರೋಟೀನೊಂದನ್ನು ತೆಗೆದು ನೋಡುವ ವಿಧಾನಕ್ಕೂ ಒಂದು ಮಿತಿಯಿದೆ: ಎರಡು ಪ್ರೋಟೀನುಗಳು ಒಂದೇ ಕೆಲಸ ಹಂಚಿಕೊಂಡಿದ್ದರೆ ಒಂದನ್ನು ತೆಗೆದಾಗ ಏನೂ ಆಗದಂತೆ ಕಾಣಬಹುದು. ಆದ್ದರಿಂದ ಬ್ಯಾಕ್ಟೀರಿಯಾದ ಜೀನನ್ನೂ ಅದಕ್ಕೆ ಎದುರಾದ ಪ್ರಾಣಿಯ ಜೀನನ್ನೂ ಒಟ್ಟಿಗೆ ತೆಗೆದು ನೋಡಿದ ಪ್ರಯೋಗಗಳಿಗೆ ಇಲ್ಲಿ ಹೆಚ್ಚು ತೂಕ ಕೊಟ್ಟಿದ್ದೇನೆ.

11. ನಿರ್ಣಯ

ರೋಗನಿರೋಧಕ ಕೋಶಗಳು ಬ್ಯಾಕ್ಟೀರಿಯಾವನ್ನು ಗುರುತಿಸುವುದಷ್ಟೇ ಅಲ್ಲ, ತಮ್ಮೊಳಗಿನ ವ್ಯವಸ್ಥೆ ಕೆಟ್ಟಿದ್ದನ್ನೂ ಗುರುತಿಸುತ್ತವೆ. ಹೀಗಾಗಿ ಹತ್ತಿಕ್ಕುವ ಪ್ರತಿ ಪ್ರೋಟೀನೂ ತನ್ನ ಜೊತೆಗೆ ಒಂದು ಅಪಾಯವನ್ನು ತರುತ್ತದೆ. ಯೆರ್ಸಿನಿಯಾದ ಯಶಸ್ಸು ಆ ಅಪಾಯಗಳನ್ನು ಒಂದೊಂದಾಗಿ ಮುಚ್ಚಿಟ್ಟದ್ದರಲ್ಲಿದೆ.

ಮದ್ದಿನ ದೃಷ್ಟಿಯಿಂದ ಇದರ ಫಲ ಸ್ಪಷ್ಟ. 1995ರಲ್ಲಿ ಮಡಗಾಸ್ಕರ್‌ನ ರೋಗಿಯೊಬ್ಬರಲ್ಲಿ ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗದ ಪ್ಲೇಗ್ ತಳಿ ಸಿಕ್ಕಿತ್ತು. ಅದೇ ದೇಶದಲ್ಲಿ 2017ರ ಸಾಂಕ್ರಾಮಿಕದಲ್ಲಿ 2,400ಕ್ಕೂ ಹೆಚ್ಚು ಪ್ರಕರಣಗಳು, 209 ಸಾವುಗಳು ವರದಿಯಾದವು. ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ಅಸ್ತ್ರ ಕಸಿಯುವ ಔಷಧಗಳ ಹುಡುಕಾಟಕ್ಕೆ ಇದರಿಂದ ಹೆಚ್ಚಿನ ಮಹತ್ವ ಬಂದಿದೆ. ಅಂಥ ಹುಡುಕಾಟದಲ್ಲಿ ಅತಿ ಬಲಿಷ್ಠ ಕಿಣ್ವವನ್ನೇ ಗುರಿಯಾಗಿ ಆರಿಸುವುದು ಸಹಜ. ನನ್ನ ಓದಿನ ಪ್ರಕಾರ ಉತ್ತಮ ಗುರಿ ಅಡಗಿಸುವ ಪ್ರೋಟೀನು. ಯಾಪ್-ಎಂ ಅನ್ನು ತಡೆದರೆ, ಯಾಪ್-ಇ ಮಾಡುವ ಹಾನಿಯೇ ಪೈರಿನ್ ಅನ್ನು ಎಬ್ಬಿಸುತ್ತದೆ. ಬ್ಯಾಕ್ಟೀರಿಯಾದ ಅಸ್ತ್ರವೇ ನಮ್ಮ ಕೋಶಗಳಿಗೆ ಎಚ್ಚರಿಕೆಯಾಗುತ್ತದೆ. ಸೂಜಿಯ ತುದಿಯ ಎಲ್‌ಸಿಆರ್-ವಿ ವಿರುದ್ಧದ ಪ್ರತಿಕಾಯಗಳು ಪ್ರಾಣಿಗಳಲ್ಲಿ ರಕ್ಷಣೆ ಕೊಡುತ್ತವೆ. ಹೊಸ ಲಸಿಕೆಗಳಲ್ಲಿ ಅದನ್ನು ಸೇರಿಸಿರುವುದು ಇದೇ ಕಾರಣಕ್ಕೆ.

ಯಾಪ್‌ಗಳನ್ನು ತಡೆಯುವ ಯಾವ ಔಷಧವೂ ಇನ್ನೂ ರೋಗಿಗಳ ಬಳಕೆಗೆ ಬಂದಿಲ್ಲ. ಪ್ಲೇಗ್ ಇಂದಿಗೂ ಗುಣವಾಗುವ ಕಾಯಿಲೆ, ಆದರೆ ಬೇಗ ಗುರುತಿಸಿದರೆ ಮಾತ್ರ. ಶ್ವಾಸಕೋಶದ ಪ್ಲೇಗಿನಲ್ಲಿ ಲಕ್ಷಣ ಕಂಡ 24 ಗಂಟೆಗಳೊಳಗೆ ಸರಿಯಾದ ಆಂಟಿಬಯೋಟಿಕ್ ಶುರುವಾಗಬೇಕು. ರೋಗನಿರೋಧಕ ಕೋಶಗಳ ಬಾಯಿ ಕಟ್ಟುವ ಬ್ಯಾಕ್ಟೀರಿಯಾದ ಎದುರು ವೈದ್ಯರು ಲಕ್ಷಣಗಳು ಬಲಿಯುವವರೆಗೆ ಕಾಯುವಂತಿಲ್ಲ.